ಮೆಷಿನ್ ಇದೆ, ಓಡಿಸೋರು ಇಲ್ಲ

ಪ್ರಶ್ನೆ: ವಸಂತನರಸಾಪುರದಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್. ಒಟ್ಟು 12 ಜನ. ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್) ಎರಡಿವೆ, ಆಪರೇಟರ್ ಮಾತ್ರ ಒಬ್ಬನೇ. ಅನುಭವ ಇರುವವರು ಸಿಗುತ್ತಿಲ್ಲ. ಕಲಿಸಿದರೆ ಬೆಂಗಳೂರಿಗೆ ಹೋಗಿಬಿಡುತ್ತಾರೆ. ಏನು ಮಾಡಲಿ ಸಾರ್?
– ಓದುಗರು, ತುಮಕೂರು

ಉತ್ತರ: ‘ಅನುಭವ ಇರುವವರು ಬೇಕು’ ಅಂತ ನಾನೂ ಗೇಟಿಗೆ ಬೋರ್ಡ್ ನೇತುಹಾಕಿದ್ದೆ. ಮೂರು ತಿಂಗಳು ಸುಮ್ನೆ ಬಿಸಿಲು ಕಾಯಿತು, ಅಷ್ಟೇ. ಕೊನೆಗೆ ಕಸ ಗುಡಿಸುತ್ತಿದ್ದ ಹುಡುಗನ ಕೈಗೇ ವರ್ನಿಯರ್ ಕೊಟ್ಟೆ. ಅಳತೆ ಓದೋದು ಬೇಗ ಬಂತು. ಮೆಷಿನ್‌ಗೆ ಆಫ್‌ಸೆಟ್, ಅಂದರೆ ಟೂಲ್ ಎಷ್ಟು ಸರಿಯಬೇಕು ಅನ್ನೋ ಅಂಕಿ ಹಾಕುವಾಗ ಮಾತ್ರ ಒಂದು ಸೊನ್ನೆ ಬಿಟ್ಟು, 0.05 ಬದಲು 0.5 ಒತ್ತಿದ. ಶಾಫ್ಟ್ ಗುಜರಿಗೆ ಹೋಯಿತು. ಬೈದೆ, ನಿಜ. ಆದರೆ ಮತ್ತೆ ಅವನು ಆ ತಪ್ಪು ಮಾಡಲಿಲ್ಲ.

ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತಗೊಳ್ಳಿ. 30 ಜನಕ್ಕಿಂತ ಕಡಿಮೆ ಇರುವ ನಿಮ್ಮಂಥವರಿಗೆ ಇದು ಕಡ್ಡಾಯವಲ್ಲ, ಆದರೆ 4 ಜನ ಇದ್ದರೂ ತಗೊಳ್ಳಬಹುದು. 2016ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25ರಷ್ಟನ್ನು, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿಯನ್ನು ಸರ್ಕಾರ ಕೊಡುತ್ತದೆ. ಅದಕ್ಕೆ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು.

ಇನ್ನು ಬಿಟ್ಟುಹೋಗುವ ಮಾತು. ಮೆಷಿನ್ ಸೆಟ್ಟಿಂಗ್ ಕಲಿತವನಿಗೂ ಹೆಲ್ಪರ್ ಸಂಬಳವೇ ಕೊಟ್ಟರೆ ಯಾರು ನಿಲ್ಲುತ್ತಾರೆ ಹೇಳಿ? ಕೆಲಸ ಕಲಿತ ತಿಂಗಳೇ ಸಂಬಳ ಏರಿಸಿ, ವರ್ಷ ಕಾಯಬೇಡಿ. ರಾತ್ರಿ ಪಾಳಿ ಮುಗಿದ ಮೇಲೆ ಊರಿಗೆ ಬಸ್ ಇದೆಯಾ ಅಂತಲೂ ಕೇಳಿ. ನನ್ನ ಹುಡುಗ ಕೆಲಸ ಬಿಡಲು ಹೊರಟಿದ್ದು ಅದಕ್ಕೇ, ದುಡ್ಡಿಗಲ್ಲ.