ಅಮ್ಮನ ಮಣಿಕಟ್ಟಿಗೆ ಪ್ಲಾಸ್ಟರೋ, ಸ್ಪ್ಲಿಂಟೋ?

72 ವರ್ಷದ ಅಮ್ಮ ಜಾರಿಬಿದ್ದು ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಬದಲು ಬಿಚ್ಚಿ ಹಾಕುವ ಸ್ಪ್ಲಿಂಟ್ (ಕೈಗೆ ಆಸರೆ ಕೊಡುವ ಗಟ್ಟಿ ಪಟ್ಟಿ) ಸಾಕಾ ಅಂತ ಕೇಳಿದ್ದೀರಿ. ಮೂಳೆ ಎಷ್ಟು ಜರುಗಿದೆ ಅನ್ನೋದು ಮುಖ್ಯ. ಬಿರುಕು ಬಿಟ್ಟಿದ್ದರೂ ಮೂಳೆ ಜಾಗದಲ್ಲೇ ಇದ್ದರೆ ಸ್ಪ್ಲಿಂಟ್ ಸಾಕಾಗಬಹುದು. ಜರುಗಿದ ಮೂಳೆಯನ್ನು ಡಾಕ್ಟರ್ ಎಳೆದು ಕೂರಿಸಿದ್ದರೆ ಸಾಮಾನ್ಯವಾಗಿ ಪ್ಲಾಸ್ಟರೇ ಹಾಕುತ್ತಾರೆ. ವಯಸ್ಸಾದವರ ಮೂಳೆ ಟೊಳ್ಳಾಗಿರುತ್ತೆ ಅಲ್ವಾ, ಕೂರಿಸಿದ್ದು ಮತ್ತೆ ಜಾರಬಹುದು. ಅದಕ್ಕೇ ಮೊದಲ ಎರಡು ವಾರದೊಳಗಿನ ಎಕ್ಸ್‌ರೇ ತಪ್ಪಿಸಬೇಡಿ.

ನಮ್ಮ ಅತ್ತೆಗೆ ಆರು ವಾರ ಪ್ಲಾಸ್ಟರ್ ಇತ್ತು. ಮೂಳೆ ಚೆನ್ನಾಗಿ ಕೂಡಿತು. ಆದರೆ ನೋವಾಗುತ್ತೆ ಅಂತ ಬೆರಳು ಆಡಿಸಿರಲಿಲ್ಲ. ಪ್ಲಾಸ್ಟರ್ ತೆಗೆದ ದಿನ ನೀರಿನ ಲೋಟ ಹಿಡಿಯೋಕೂ ಆಗಲಿಲ್ಲ, ಬೆರಳೆಲ್ಲ ಮರಗಟ್ಟಿತ್ತು. ಆ ಮುಖ ಇನ್ನೂ ಮರೆತಿಲ್ಲ. ಯಾವುದೇ ಕಟ್ಟು ಇರಲಿ, ಇವತ್ತಿನಿಂದಲೇ ಗಂಟೆಗೊಮ್ಮೆ ಮುಷ್ಟಿ ಕಟ್ಟಿ ಬಿಚ್ಚಿಸಿ. ಮೊಣಕೈ, ಭುಜವನ್ನೂ ಆಡಿಸಲಿ. ಉಂಗುರ ಇದ್ದರೆ ತೆಗೆಸಿ, ಕೈ ಎದೆಗಿಂತ ಮೇಲಿರಲಿ.

ಸ್ಪ್ಲಿಂಟ್ ಕೊಟ್ಟರೂ ಡಾಕ್ಟರ್ ಹೇಳದೆ ಸುಮ್ನೆ ಬಿಚ್ಚಬಾರದು. ಅಮ್ಮನಿಗೆ ಮರೆವು ಜಾಸ್ತಿ ಇದ್ದರೆ ಪ್ಲಾಸ್ಟರೇ ವಾಸಿ ಅಂತ ನನಗನ್ನಿಸುತ್ತೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೂಳೆ ಸವೆತದ ಪರೀಕ್ಷೆ ಬೇಕಾ ಅಂತಲೂ ಕೇಳಿ.