ಡಬ್ಬ ಮುಚ್ಚಿಡಿ ಮೇಷ್ಟ್ರೇ, ನೀರು ತಿರುಗಿಸಿ

ಚಿಂತಾಮಣಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಬಾದಾಮಿ ಗುಹೆಗಳಲ್ಲಿ ಕೆತ್ತನೆ ಪುಡಿಯಾಗಿ ಉದುರುತ್ತಿದೆ. ನಮ್ಮ ಕೈಲಾಸಗಿರಿ ಗುಹೆಗೆ ಏನೂ ಆಗಿಲ್ಲ. ಈಗ ಒಳ್ಳೊಳ್ಳೆ ವಾಟರ್‌ಪ್ರೂಫ್ ಕೋಟಿಂಗ್ ಸಿಗುತ್ತವೆ. ಒಂದು ಸಲ ಬಳಿದುಬಿಟ್ಟರೆ ನಿಶ್ಚಿಂತೆ ಅಲ್ವಾ?’

ಮೇಷ್ಟ್ರೇ, ನಿಮ್ಮ ಕಾಳಜಿಗೆ ನಮಸ್ಕಾರ. ಆದರೆ ಆ ಡಬ್ಬ ಮುಚ್ಚಿಡಿ.

ನಮ್ಮ ಕಡೆಯದು ಗ್ರಾನೈಟು, ನೀರು ಸುಲಭಕ್ಕೆ ಒಳಗಿಳಿಯದ ಕಲ್ಲು. ಕೈಲಾಸಗಿರಿ ಗುಹೆ ಕೊರೆದದ್ದೂ ನಮ್ಮ ಕಾಲದಲ್ಲೇ. ಬಿಹಾರದ ಬರಾಬರ್ ಗುಹೆಗಳು ಅಶೋಕನ ಕಾಲದವು, ಅವೂ ಗ್ರಾನೈಟೇ. ಒಳಗೋಡೆಯ ಹೊಳಪು ಇವತ್ತಿಗೂ ಮಾಸಿಲ್ಲ. ಬಾದಾಮಿಯದು ಮರಳುಗಲ್ಲು. 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಉಳಿಗೆ ಅಷ್ಟು ಚೆನ್ನಾಗಿ ಒಲಿದ ಕಲ್ಲೇ ನೀರನ್ನೂ ಹೀರುತ್ತದೆ.

ಗುಡ್ಡದ ಸೀಳುಗಳಲ್ಲಿ ಇಳಿಯುವ ಮಳೆನೀರು ಉಪ್ಪು ಕರಗಿಸಿಕೊಂಡು ಬರುತ್ತದೆ. ಗುಹೆಯ ಗೋಡೆಗೆ ಬಂದು ನೀರು ಆರುತ್ತದೆ, ಉಪ್ಪು ಹರಳುಗಟ್ಟುತ್ತದೆ. ಮಳೆಗಾಲಕ್ಕೆ ಕರಗಿ, ಬೇಸಿಗೆಗೆ ಮತ್ತೆ ಹರಳಾಗಿ, ಪ್ರತಿ ಸಲವೂ ಕಲ್ಲಿನ ಕಣಗಳನ್ನು ಒಳಗಿಂದ ತಳ್ಳುತ್ತದೆ. ನಿಮ್ಮ ಬಚ್ಚಲುಮನೆಯ ಹೊರಗೋಡೆ ನೋಡಿ. ಬುಡದಲ್ಲಿ ಪೇಂಟ್ ಉಬ್ಬಿರುತ್ತದೆ. ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತದೆ, ಹಿಂದೆ ಬಿಳಿ ಪುಡಿ. ಕೋಟಿಂಗ್ ಬಳಿದ ಮರಳುಗಲ್ಲಿನ ಗತಿಯೂ ಇದೇ. ಅಲ್ಲಿ ಚಕ್ಕೆಯ ಜೊತೆ ಹೋಗುವುದು ವಿಷ್ಣುವಿನ ಮುಖ.

ಅಜಂತಾದಲ್ಲಿ ಬಳಿದು ನೋಡಿದ್ದಾಯಿತು. 1920ರಲ್ಲಿ ನಿಜಾಮರ ಸರ್ಕಾರ ಇಟಲಿಯಿಂದ ಪರಿಣತರನ್ನು ಕರೆಸಿತು. ಚಿತ್ರ ಉದುರಬಾರದೆಂದು ಅವರು ಅರಗಿನ ವಾರ್ನಿಷ್ ಹಚ್ಚಿದರು. ಉದ್ದೇಶ ಒಳ್ಳೆಯದೇ. ಬರಬರುತ್ತಾ ಅದು ಹಳದಿಗಟ್ಟಿ, ಧೂಳು ಹಿಡಿದು, ಬಣ್ಣಗಳನ್ನೇ ಮುಚ್ಚಿತು. ಅದನ್ನು ಚೂರುಚೂರೇ ತೆಗೆಯುತ್ತಾ ಪುರಾತತ್ವ ಇಲಾಖೆ ದಶಕಗಳನ್ನೇ ಸವೆಸಿದೆ.

ತೀರಾ ಸಡಿಲವಾದ ಚಕ್ಕೆ ಹಿಡಿದಿಡಲು ರಾಸಾಯನಿಕ ಬೇಕಾಗಬಹುದು, ಒಪ್ಪುತ್ತೇನೆ. ಅದೂ ಅಂಗೈಯಗಲ ಜಾಗದಲ್ಲಿ ಪರೀಕ್ಷಿಸಿದ ಮೇಲೆ. ನಿಜವಾದ ಕೆಲಸ ಇರುವುದು ಗುಹೆಯ ನೆತ್ತಿಯ ಮೇಲೆ. ಸೀಳಿನಲ್ಲಿ ಬೇರು ಬಿಟ್ಟ ಅರಳಿ ಸಸಿ ತೆಗೆಯಬೇಕು. ನಿಲ್ಲುವ ನೀರಿಗೆ ಕಾಲುವೆ ತೋಡಿ ಪಕ್ಕಕ್ಕೆ ಹರಿಸಬೇಕು. ಪ್ರತಿ ವರ್ಷ, ಮುಂಗಾರಿಗೆ ಮುಂಚೆ. ಇದಕ್ಕೆ ಉದ್ಘಾಟನೆ ಇಲ್ಲ, ಹೆಸರು ಕೆತ್ತಿಸುವ ಫಲಕ ಇಲ್ಲ. ದುಡ್ಡು ಯಾರು ಕೊಡುತ್ತಾರೆ?

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಹಳೇ ಗುಡಿಗಳನ್ನೇ ನೋಡಿ. ಜೀರ್ಣೋದ್ಧಾರ ಅಂದರೆ ಕಂಬಕ್ಕೆ ಆಯಿಲ್ ಪೇಂಟ್, ನೆಲಕ್ಕೆ ಟೈಲ್ಸ್, ಸಂದಿಗೆ ಸಿಮೆಂಟ್! ಹಳೇ ಸುಣ್ಣದ ಗಾರೆ ತೇವವನ್ನು ಹೊರಕ್ಕೆ ಬಿಡುತ್ತಿತ್ತು. ಸಿಮೆಂಟ್ ಅದನ್ನು ತಡೆದು ಪಕ್ಕದ ಕಲ್ಲಿಗೆ ದಾಟಿಸುತ್ತದೆ, ಜೊತೆಗೆ ತನ್ನ ಉಪ್ಪನ್ನೂ ಕೊಡುತ್ತದೆ. ನಾಲ್ಕು ವರ್ಷಕ್ಕೆ ಪೇಂಟ್ ಬೇಸರವಾಗಿ, ಮರಳು ಊದುವ ಮಷಿನ್ ತರಿಸುತ್ತಾರೆ. ಪೇಂಟಿನ ಜೊತೆಗೆ ಕೆತ್ತನೆಯ ಅಂಚೂ ಹಾರಿಹೋಗುತ್ತದೆ. ಚಂದಾ ಎತ್ತಿ, ಭಕ್ತಿಯಿಂದ ಮಾಡಿಸುವ ಕೆಲಸ ಇದು. ಅದೇ ಜಾಸ್ತಿ ಸಂಕಟ.

ನಿಮ್ಮೂರ ಗುಡಿ ಕಮಿಟಿ ಮುಂದಿನ ಸಲ ಪೇಂಟಿನ ಕೊಟೇಶನ್ ತಂದರೆ ಸುಮ್ನೆ ಕೂರಬೇಡಿ. ಮೊದಲು ಮಾಳಿಗೆ ಹತ್ತಿ, ನೀರು ಎಲ್ಲಿ ನಿಲ್ಲುತ್ತಿದೆ ನೋಡಿ ಬನ್ನಿ ಅನ್ನಿ. ಮೇಷ್ಟ್ರ ಮಾತು ತೆಗೆದುಹಾಕುವುದಿಲ್ಲ.