ಒಗ್ಗರಣೆ ಹಾಕಲು ಹೆದರಿಕೆಯಾಗುತ್ತದೆ, ಏನು ಮಾಡಲಿ?

ಅನ್ನ, ಬೇಳೆ ಬೇಯಿಸಿಕೊಳ್ಳಲು ಬರುತ್ತದೆ, ಆದರೆ ಕಾದ ಎಣ್ಣೆಗೆ ಸಾಸಿವೆ ಹಾಕಬೇಕೆಂದರೆ ಕೈ ಹಿಂಜರಿಯುತ್ತದೆ, ಹಾಗಾಗಿ ಒಗ್ಗರಣೆಯಿಲ್ಲದ ಸಾರನ್ನೇ ಉಣ್ಣುತ್ತಿದ್ದೇನೆ ಎಂದು ಬರೆದಿದ್ದೀರಿ. ‘ಧೈರ್ಯ ಮಾಡಿ, ಎಲ್ಲವೂ ಅಭ್ಯಾಸವಾಗುತ್ತದೆ’ ಎಂದು ಹೇಳುವವರು ನಿಮಗೆ ಈಗಾಗಲೇ ಸಿಕ್ಕಿರಬಹುದು. ಎಣ್ಣೆ ಏಕೆ ಸಿಡಿಯುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಹೆದರಿಕೆಯ ಮುಕ್ಕಾಲು ಪಾಲು ಇಳಿಯುತ್ತದೆ ಎಂಬುದು ನನ್ನ ಅನುಭವ.

ಎಣ್ಣೆ ತಾನಾಗಿ ಸಿಡಿಯುವುದಿಲ್ಲ. ಅದನ್ನು ಸಿಡಿಸುವುದು ನೀರು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಒಗ್ಗರಣೆಯ ಎಣ್ಣೆಯಾದರೋ ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ಎಣ್ಣೆಗಿಂತ ಭಾರವಾದ ನೀರಿನ ಹನಿ ತಳಕ್ಕಿಳಿದು, ಅಲ್ಲಿಯೇ ಆವಿಯಾಗಿ, ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿ, ಮೇಲಿರುವ ಎಣ್ಣೆಯನ್ನು ಹೊರಕ್ಕೆ ಚಿಮ್ಮಿಸುತ್ತದೆ. ಸಾಸಿವೆ ಚಟಪಟ ಎನ್ನುವುದಕ್ಕೂ ಕಾಳಿನೊಳಗಿನ ತೇವವೇ ಕಾರಣ, ಆದರೆ ಅದು ತೀರಾ ಅಲ್ಪ. ಸಾಸಿವೆಗೆ ಹೆದರುವವರು ನಿಜವಾಗಿ ಹೆದರಬೇಕಾದದ್ದು ಆಗಷ್ಟೇ ತೊಳೆದ ಕರಿಬೇವಿಗೆ. ಎಲೆಗಳನ್ನು ಮುಂಚಿತವಾಗಿ ತೊಳೆದು, ಬಟ್ಟೆಯ ಮೇಲೆ ಹರಡಿ, ಒತ್ತಿ ಒರೆಸಿಡಿ. ಸೌಟು, ಚಮಚ, ನಿಮ್ಮ ಕೈ, ಎಲ್ಲವೂ ಒಣಗಿರಲಿ. ಮುಚ್ಚಳದ ಒಳಮೈಯನ್ನು ಯಾರೂ ನೋಡುವುದಿಲ್ಲ; ಅಲ್ಲಿ ಅಂಟಿಕೊಂಡಿದ್ದ ಎರಡು ಹನಿಗಳು ಕಾದ ಎಣ್ಣೆಗೆ ಬಿದ್ದರೆ, ರಕ್ಷಣೆಗೆಂದು ಹಿಡಿದ ಮುಚ್ಚಳವೇ ಮುಳುವಾಗುತ್ತದೆ.

ಮೊದಲಿಗೆ ದೊಡ್ಡ ಬಾಣಲೆ ಬೇಡ, ಉದ್ದ ಹಿಡಿಯ ಚಿಕ್ಕ ಒಗ್ಗರಣೆ ಸೌಟು ಸಾಕು. ಎರಡು ಚಮಚ ಎಣ್ಣೆ ಹಾಕಿ, ಉರಿಯನ್ನು ಸಣ್ಣಗಿಟ್ಟು, ಒಂದೆರಡು ಸಾಸಿವೆ ಕಾಳುಗಳನ್ನು ಬಿಡಿ. ಅವು ಸುಮ್ಮನೆ ಕುಳಿತಿದ್ದರೆ ಎಣ್ಣೆ ಇನ್ನೂ ಕಾದಿಲ್ಲ. ಕ್ಷಣದಲ್ಲಿ ಚಟ್ ಎಂದರೆ ಉಳಿದ ಸಾಸಿವೆಯನ್ನು ಹಾಕಿ, ಒಣಗಿದ ತಟ್ಟೆಯೊಂದನ್ನು ಓರೆಯಾಗಿ ಅಡ್ಡ ಹಿಡಿಯಿರಿ. ಎಣ್ಣೆ ಹೊಗೆಯಾಡಲು ಆರಂಭಿಸಿದ್ದರೆ ಅದು ಮಿತಿಮೀರಿ ಕಾದಿದೆ ಎಂದರ್ಥ. ಒಲೆ ಆರಿಸಿ ಸ್ವಲ್ಪ ಕಾಯುವುದರಿಂದ ನಷ್ಟವೇನಿಲ್ಲ. ಸಿಡಿಯುವ ಸದ್ದು ಇಳಿಯುತ್ತಿದ್ದಂತೆ ಉದ್ದಿನಬೇಳೆ ಹಾಕಿ, ಅದು ತಿಳಿಗೆಂಪಾಗುತ್ತಲೇ ಒಲೆ ಆರಿಸಿಬಿಡಿ. ಹೊಸಬರಿಗೆ ಗೊತ್ತಿರದ ಅನುಕೂಲ ಇಲ್ಲಿದೆ: ಸೌಟಿನಲ್ಲಿ ಉಳಿದ ಕಾವೇ ಬೇಳೆಯನ್ನು ಇನ್ನಷ್ಟು ಕೆಂಪಗಾಗಿಸುತ್ತದೆ, ಒಣಮೆಣಸಿನಕಾಯಿ, ಇಂಗು, ಕರಿಬೇವುಗಳಿಗೂ ಅದೇ ಸಾಕಾಗುತ್ತದೆ. ಉರಿಯಿಲ್ಲದಿರುವುದರಿಂದ ಮೆಣಸಿನಕಾಯಿಯ ಘಾಟೂ ಅಷ್ಟಾಗಿ ಏಳುವುದಿಲ್ಲ. (ಬಾಣಲೆಯಿಂದ ಜ್ವಾಲೆ ಏಳಿಸುವ ವೀಡಿಯೊಗಳನ್ನು ದಯವಿಟ್ಟು ಮಾದರಿಯಾಗಿ ಇಟ್ಟುಕೊಳ್ಳಬೇಡಿ, ಮನೆಯ ಅಡುಗೆಗೆ ಅದರ ಅಗತ್ಯವೇ ಇಲ್ಲ.)

ಆರಂಭಕ್ಕೆ ಕಾಯಿಚಟ್ನಿ ಅಥವಾ ಮೊಸರನ್ನವನ್ನು ಆರಿಸಿಕೊಳ್ಳಿ. ಇವೆರಡೂ ಮೊದಲೇ ಸಿದ್ಧವಾಗಿರುವುದರಿಂದ ನಿಮ್ಮ ಗಮನವೆಲ್ಲ ಸೌಟಿನ ಮೇಲಿರುತ್ತದೆ, ಸಾಸಿವೆ ಕರಟಿದರೂ ಹೋಗುವುದು ಎರಡು ಚಮಚ ಎಣ್ಣೆ ಮಾತ್ರ. ಸಾರಿಗೆ ಒಗ್ಗರಣೆ ಕೊಡುವಾಗ ಚುಂಯ್ ಎಂಬ ಸದ್ದು ಬಂದೇ ಬರುತ್ತದೆ. ಪಾತ್ರೆಯ ಮೇಲೆ ಬಗ್ಗದೆ, ಸೌಟನ್ನು ನಿಮ್ಮಿಂದ ಆಚೆಗೆ ವಾಲಿಸಿ ಸುರಿದು, ತಕ್ಷಣ ಮುಚ್ಚಿದರೆ ಪರಿಮಳವೂ ಒಳಗೇ ನಿಲ್ಲುತ್ತದೆ.

ಇನ್ನೆರಡು ವಿಷಯಗಳು ತಿಳಿದಿರಲಿ. ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ನೀರು ಹಾಕಲೇಬಾರದು. ಒಲೆ ಆರಿಸಿ, ಲೋಹದ ತಟ್ಟೆಯಿಂದ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬಾರದು. ಕೈಗೆ ಎಣ್ಣೆ ಸಿಡಿದು ಸುಟ್ಟರೆ ಟೂತ್‌ಪೇಸ್ಟ್, ಮಂಜುಗಡ್ಡೆಗಳ ಗೋಜಿಗೆ ಹೋಗದೆ, ನಲ್ಲಿಯ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಸುಟ್ಟ ಜಾಗ ದೊಡ್ಡದಾಗಿದ್ದರೆ ಅಥವಾ ಮುಖ, ಕಣ್ಣಿಗೆ ತಗುಲಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಪೂರಿ, ಬಜ್ಜಿಗಳಲ್ಲಿ ಎಣ್ಣೆಯ ಪ್ರಮಾಣವೂ ಹೆಚ್ಚು, ಹಿಟ್ಟಿನ ತೇವವೂ ಹೆಚ್ಚು. ಅವುಗಳನ್ನು ಸದ್ಯಕ್ಕೆ ಹೋಟೆಲಿನವರಿಗೇ ಬಿಟ್ಟು, ಚಟ್ನಿಯ ಒಗ್ಗರಣೆ ಕೈಗೆ ಹಿಡಿದ ಮೇಲೆ ಚಿತ್ರಾನ್ನಕ್ಕೆ ಬನ್ನಿ.